ಐಸಣ್ಣನ ಉಪ್ಪಿನ ಡಬ್ಬಿ

ನಡುಬೇಸಿಗೆಯ ಮಧ್ಯಾಹ್ನ, ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವಷ್ಟು ಬಿಸಿಲಿರುವಾಗ, ಮಂಜುಗಡ್ಡೆಯ ಮೇಲೆ ಕಾಲಿಟ್ಟು ಜಾರಿ ಬಿದ್ದವರು ಈ ಭೂಮಿಯ ಮೇಲೆ ಹೆಚ್ಚು ಮಂದಿ ಇರಲಾರರು. ನಾನು ಅವರಲ್ಲೊಬ್ಬ. ಹೊಸ ಕೆಲಸದ ಮೊದಲ ದಿನ ಅದು. ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು, ಕಂಕುಳಲ್ಲಿ ಫೈಲು, ಪಕ್ಕದಲ್ಲಿ ಕಾರ್ಖಾನೆಯ ಯಜಮಾನರು. "ಇದು ನಮ್ಮ ಎರಡನೇ ಶೆಡ್ಡು" ಎಂದು ಅವರು ಕೈ ತೋರಿಸುವಷ್ಟರಲ್ಲಿ ನಾನು ಕೂತ ಭಂಗಿಯಲ್ಲೇ ಅವರನ್ನು ಹಿಂದೆ ಹಾಕಿ, ಮೂರು ಡ್ರಮ್ಮು, ಒಂದು ಕಂಬ ದಾಟಿ, ಚರಂಡಿಯ ಜಾಲರಿಗೆ ಎರಡೂ ಕಾಲು ಕೊಟ್ಟು ನಿಂತೆ. ದಾರಿಯಲ್ಲಿ ಒಂದು ದೊಡ್ಡ ಐಸ್ ಗಡ್ಡೆಯನ್ನೂ ಉರುಳಿಸಿದ್ದೆ.

ಉಣ್ಣೆ ಟೋಪಿ, ಉದ್ದ ತೋಳಿನ ಸ್ವೆಟರು ಹಾಕಿಕೊಂಡ ಒಬ್ಬರು ಮರದ ಕೊಡತಿ ಹಿಡಿದು ಹತ್ತಿರ ಬಂದರು. ಬಗ್ಗಿ ನೋಡಿ, "ಏನೂ ಆಗಿಲ್ಲ" ಎಂದರು. ನಾನು ಕೃತಜ್ಞತೆಯಿಂದ ತಲೆ ಎತ್ತಿದೆ. ಅವರು ಗಡ್ಡೆಯನ್ನು ನೋಡುತ್ತಿದ್ದರು.

ಅವರು ಪರಕೀಯರಲ್ಲ, ನನ್ನ ಸ್ವಂತ ಅಕ್ಕನ ಗಂಡ. ಎರಡು ಪತ್ರಿಕೆ ಮುಚ್ಚಿಸಿ, ಒಂದು ಅಚ್ಚುಕೂಟದಿಂದ ಕೈ ಮುಗಿಸಿಕೊಂಡು ಮನೆಯಲ್ಲಿ ಕೂತಿದ್ದ ನನಗೆ ಈ ಕೆಲಸ ಸಿಕ್ಕಿದ್ದೇ ಭಾವ ಯಜಮಾನರ ಕಿವಿಗೆ ಹಾಕಿದ ಒಂದು ಮಾತಿನಿಂದ. ನನ್ನ ಕೆಲಸವೆಂದರೆ, ಯಾವ ಸರಕನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ಕೆಲಸಗಾರರಿಗೆ ಅರ್ಥವಾಗುವ ಹಾಗೆ ಬರೆದು, ಟೈಪ್ ಮಾಡಿ, ಗೋಡೆಗೆ ಅಂಟಿಸುವುದು. ನನ್ನ ಬರಹವನ್ನು ದಿನಾ ನಲವತ್ತು ಜನ ನಿಂತು ಓದುವ ಭಾಗ್ಯ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಸೋಪಿಗೆ ಹಾಕುವ ಒಂದು ಪರಿಮಳದ ವಸ್ತು. ಒಂದು ಅಣುವಿಗೆ ಅಸೆಟೈಲ್ ಎಂಬ ಪುಟ್ಟ ಬಾಲವನ್ನು ಅಂಟಿಸಿದರೆ ಅದಕ್ಕೆ ಹೂವಿನಂಥ ಸುವಾಸನೆ ಬರುತ್ತದೆ. ಈ ಬಾಲ ಅಂಟಿಸುವ ಕೆಲಸಕ್ಕೆ ಅಸೈಲೇಷನ್ ಎಂದು ಹೆಸರು. ಬಾಲ ತಾನಾಗಿ ಅಂಟುವುದಿಲ್ಲ, ಅಂಟಿಸಲು ಒಬ್ಬ ಕೆಟಲಿಸ್ಟ್ ಬೇಕು. ಕೆಟಲಿಸ್ಟ್ ಎಂದರೆ ತಾನು ಖರ್ಚಾಗದೆ ಇನ್ನೊಬ್ಬರ ಕೆಲಸ ಮಾಡಿಸಿಕೊಟ್ಟು ಪಕ್ಕಕ್ಕೆ ಸರಿಯಬೇಕಾದದ್ದು. ನಮ್ಮಲ್ಲಿದ್ದ ಅಲ್ಯುಮಿನಿಯಂ ಕ್ಲೋರೈಡ್‌ಗೆ ಆ ಹೆಸರೇನೋ ಇತ್ತು, ಆ ಗುಣ ಇರಲಿಲ್ಲ. ಬಾಲ ಅಂಟಿಸಿದ ಮೇಲೆ ಅದು ಹೊಸ ಸರಕನ್ನು ತಬ್ಬಿಕೊಂಡು ಬಿಡುತ್ತಲೇ ಇರಲಿಲ್ಲ. ಭಾವನ ಮಾತಿನಲ್ಲಿ ಹೇಳುವುದಾದರೆ, ಸಂಬಂಧ ಕುದುರಿಸಲು ಬಂದ ದಲ್ಲಾಳಿ ಮದುವೆ ಮುಗಿದ ಮೇಲೂ ಗಂಡು ಹೆಣ್ಣಿನ ನಡುವೆಯೇ ಹಾಸಿಗೆ ಹಾಸಿಕೊಂಡ ಹಾಗೆ. ಅವನನ್ನು ಎಬ್ಬಿಸಿ ಹೊರಗೆ ಕಳಿಸಲು ನೀರು ಬೇಕು, ಬರೀ ನೀರು ಸುರಿದರೆ ಕುದಿದು ಉಕ್ಕುತ್ತದೆ, ಅದಕ್ಕೇ ಐಸು.

ಬೆಳಿಗ್ಗೆ ಗೋಣಿ ಹೊದ್ದ ಗಡ್ಡೆಗಳು ಲಾರಿಯಲ್ಲಿ ಬರುತ್ತಿದ್ದವು. ಭಾವ ಅವನ್ನು ನಿಂಬೆಹಣ್ಣಿನ ಗಾತ್ರಕ್ಕೆ ಒಡೆಯುತ್ತಿದ್ದರು. ದೊಡ್ಡದಾದರೆ ಕೆಳಗೆ ತಲುಪುವಷ್ಟರಲ್ಲಿ ತಡವಾಗುತ್ತದೆ, ಪುಡಿಯಾದರೆ ಮೊದಲೇ ಕರಗಿಹೋಗುತ್ತದೆ. ಚಳಿ ಇನ್ನಷ್ಟು ಬೇಕಾದಾಗ ಐಸಿನ ಮೇಲೆ ಎರಚಲು ಒಂದು ಡಬ್ಬಿ ಉಪ್ಪು ಅವರ ಕೋಣೆಯಲ್ಲೇ ಇರುತ್ತಿತ್ತು. ಆಮೇಲೆ ಮೇಲಿನ ಪಾತ್ರೆಯಿಂದ, ದಲ್ಲಾಳಿ ತಬ್ಬಿಕೊಂಡೇ ಇದ್ದ ಸರಕಿನ ಕೆಂಪುಗಪ್ಪು ದ್ರವವನ್ನು ಸಣ್ಣ ಧಾರೆಯಾಗಿ ಐಸಿನ ಮೇಲೆ ಬಿಡುವುದು. ಬಿಳಿ ಹೊಗೆ ಏಳುತ್ತಿತ್ತು, ಮಿಕ್ಕವರೆಲ್ಲ ಮೂಗು ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದರು. ಭಾವ ಮುಖಕ್ಕೆ ಮಾಸ್ಕ್ ಏರಿಸಿ, ಟೋಪಿಯನ್ನು ಮಾತ್ರ ಒಂದು ಕಿವಿಯ ಮೇಲಿಂದ ಸರಿಸಿಕೊಳ್ಳುತ್ತಿದ್ದರು. ಚಿಟಿಚಿಟಿ ಸದ್ದು ಭುಸ್ ಎನ್ನಲು ತೊಡಗಿದರೆ ಕೈ ಎತ್ತುವರು, ಮೇಲಿನವನು ಧಾರೆ ನಿಲ್ಲಿಸುವನು. ಇಪ್ಪತ್ತಾರು ವರ್ಷ ಆ ಶೆಡ್ಡಿನಲ್ಲಿ ಒಂದು ಸಲವೂ ಪಾತ್ರೆ ಉಕ್ಕಿಲ್ಲ. ಎಲ್ಲರ ಬಾಯಲ್ಲೂ ಅವರು ಐಸಣ್ಣ ಆದದ್ದು ಹೀಗೆ.

ಮನೆಯಲ್ಲಿ ಅಕ್ಕನ ಗೋಳು ಬೇರೆ. ಭಾವನ ಕೈ ಯಾವ ಕಾಲದಲ್ಲೂ ತಣ್ಣಗೆ. ಬೀದಿಯ ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ನೇರ ನಮ್ಮ ಭಾವನ ಹತ್ತಿರ ಕರೆತಂದು, "ಒಂದು ಸ್ವಲ್ಪ ಹಣೆ ಮೇಲೆ ಕೈ ಇಡಿ ಅಣ್ಣ" ಎನ್ನುತ್ತಿದ್ದರು. ಅವರು ಒಂದು ಕೈಯನ್ನು ಮಗುವಿನ ಹಣೆಗೆ ಕೊಟ್ಟು ಇನ್ನೊಂದರಲ್ಲಿ ಪೇಪರ್ ಓದುತ್ತಿದ್ದರು. ಫ್ರಿಜ್ಜು ಕೊಳ್ಳೋಣ ಎಂದು ಅಕ್ಕ ಎಂದಾದರೂ ಬಾಯಿ ತೆಗೆದರೆ, ಮನೆಯಲ್ಲಿ ಒಂದಿದೆಯಲ್ಲ ಎಂದು ತಮ್ಮ ಎದೆಯನ್ನೇ ತೋರಿಸುವರು. ಮದುವೆಯಾದ ಹೊಸದರಲ್ಲಿ ಕೈ ಹಿಡಿದಾಗ ನಾಚಿಕೆಯಿಂದ ಮೈ ನಡುಗಿತು ಎಂದು ಎಲ್ಲ ಹೆಂಗಸರೂ ಹೇಳುತ್ತಾರೆ. ಅಕ್ಕನಿಗೆ ನಡುಗಿದ್ದು ನಿಜವಾದ ಚಳಿಯಿಂದ.

ಹೀಗಿರುವಾಗ ಕಾರ್ಖಾನೆಗೆ ಡಾಕ್ಟರಮ್ಮ ಬಂದರು. ಅವರು ರಸಾಯನಶಾಸ್ತ್ರದಲ್ಲಿ ಡಾಕ್ಟರು. ಮೊದಲ ವಾರವಿಡೀ ಜನ ಬೆನ್ನುನೋವು, ಮಂಡಿನೋವು ಹೇಳಿಕೊಂಡು ಅವರ ಬಾಗಿಲಿಗೆ ಹೋಗಿದ್ದರು. ಅವರು ತಂದದ್ದು ಸುಣ್ಣದಂಥ ಒಂದು ಬಿಳಿ ಪುಡಿ. ಅದು ಹೆಸರಿಗೆ ತಕ್ಕ ಕೆಟಲಿಸ್ಟ್. ಬಾಲ ಅಂಟಿಸುತ್ತದೆ, ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ಸೋಸಿ ತೆಗೆದು, ಒಲೆಯಲ್ಲಿ ಸುಟ್ಟು ಚೊಕ್ಕ ಮಾಡಿ, ಮತ್ತೆ ಬಳಸಬಹುದು. ಹುಳಿ ಹೊಗೆ ಇಲ್ಲ, ಟ್ಯಾಂಕರುಗಟ್ಟಲೆ ಕೆಸರು ನೀರಿಲ್ಲ, ಐಸಂತೂ ಬೇಕೇ ಇಲ್ಲ. ಯಜಮಾನರು ಮೂರು ಸಲ ಮಾಡಿ ನೋಡಲು ಒಪ್ಪಿದರು. ಮೂರರಲ್ಲಿ ಒಂದಾದರೂ ಗೆದ್ದರೆ ಐಸ್ ಕೋಣೆ ಮುಚ್ಚುವುದು. ಮೂರೂ ಸೋತರೆ ಪುಡಿಯೂ ವಾಪಸ್, ಡಾಕ್ಟರಮ್ಮನೂ ವಾಪಸ್. ಐಸಣ್ಣನಿಗೆ ಬೇರೆ ಕೆಲಸ ಏನು ಎಂದು ಯಾರೋ ಕೇಳಿದ್ದಕ್ಕೆ ಯಜಮಾನರು, ನೋಡೋಣ ಎಂದರಂತೆ. ಆ ನೋಡೋಣ ಎಂಥದು ಎಂದು ಕೆಲಸ ಕಳೆದುಕೊಂಡು ಪಳಗಿದ ನನಗೆ ಚೆನ್ನಾಗಿ ಗೊತ್ತಿತ್ತು.

ಹೊಸ ಕ್ರಮವನ್ನು ಬರೆಯುವ ಪಾಪ ನನ್ನ ಪಾಲಿಗೇ ಬಂತು. ಹಳೆಯ ಕಾಗದದಲ್ಲಿ ಹದಿನಾಲ್ಕು ಸಾಲು, ಅದರಲ್ಲಿ ಒಂಬತ್ತರಿಂದ ಹನ್ನೆರಡು ಭಾವನವು. ಹೊಸದರಲ್ಲಿ ಏಳೇ ಸಾಲು. ಅವರಿಗೆ ಗೋಡೆ ನೋಡಿ ತಿಳಿಯುವುದು ಬೇಡವೆಂದು ಸಂಜೆ ಅಕ್ಕನ ಮನೆಗೆ ಹೋಗಿ, ಊಟಕ್ಕೆ ಕೂತಾಗ, ಸಾವಿನ ಸುದ್ದಿ ತಂದವನ ಮುಖ ಮಾಡಿಕೊಂಡು ಕಾಗದ ಮುಂದಿಟ್ಟೆ. ಅಕ್ಕ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು. ಭಾವ ಕನ್ನಡಕ ಏರಿಸಿ, ಮೇಲಿಂದ ಕೆಳಗೆ ಓದಿ, ಕಾಗದ ಮಡಚಿ ಕೊಟ್ಟರು.

"ಐದನೇ ಸಾಲಲ್ಲಿ ಸೋಸು ಅಂದಿದ್ದೀಯ, ಆರನೇದರಲ್ಲೂ ಸೋಸು ಅಂದಿದ್ದೀಯ. ಒಂದು ಸಾಕು."

ಅಷ್ಟು ಹೇಳಿ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡರು. ಅಕ್ಕ ಮಾತ್ರ ನನ್ನನ್ನು ಬಾಗಿಲ ತನಕ ಬಿಡಲು ಬಂದು, ನಿನಗೆ ಕೆಲಸ ಕೊಡಿಸಿದ್ದು ಇದಕ್ಕಾ ಎಂದು ಕೇಳಿದಳು. ನಾನು ಚಪ್ಪಲಿ ಹುಡುಕುವ ನೆಪ ಮಾಡಿದೆ.

ಮೊದಲ ಪ್ರಯತ್ನ ಸೋತಿತು. ಪಾತ್ರೆಯ ಮುಕ್ಕಾಲು ಪಾಲಿಗೆ ಬಾಲವೇ ಅಂಟಿರಲಿಲ್ಲ. ಎರಡನೆಯದು ಇನ್ನೂ ಕಡೆ. ಪ್ರಯೋಗಶಾಲೆಯಲ್ಲಿ ಹತ್ತಕ್ಕೆ ಹತ್ತು ಸಲ ಗೆದ್ದ ಪುಡಿ ಶೆಡ್ಡಿಗೆ ಬಂದೊಡನೆ ಮುಷ್ಕರ ಹೂಡಿದಂತಿತ್ತು. ಡಾಕ್ಟರಮ್ಮ ಪಾತ್ರೆ ತೊಳೆಸಿದರು, ಕೊಳವೆ ಬಿಚ್ಚಿಸಿದರು, ಥರ್ಮಾಮೀಟರನ್ನು ಮೂರು ಸಲ ಬದಲಿಸಿದರು. ಕೆಲಸಗಾರರು ಒಳಗೊಳಗೇ ಖುಷಿಪಟ್ಟರು. ನಮ್ಮ ಐಸಣ್ಣ ಉಳಿದ ಎಂದು ಒಬ್ಬ ಭಾವನ ಬೆನ್ನು ತಟ್ಟಿದನಂತೆ. ನಾನೂ ಆ ದಿನ ಒಂದು ಲೋಟ ಚಹಾ ಹೆಚ್ಚು ಕುಡಿದೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಐಸ್ ಕೋಣೆಯ ಹೊರಗೆ, ಬೋರಲು ಹಾಕಿದ ಕ್ರೇಟಿನ ಮೇಲೆ ಕೂತಿದ್ದರು. ತೊಡೆಯ ಮೇಲೆ ಮುಚ್ಚಳ ತೆಗೆಯದ ಊಟದ ಡಬ್ಬಿ. ನಾನು ಗೋಡೆಯ ಕಾಗದ ಸರಿಪಡಿಸುವವನಂತೆ ಅಲ್ಲೇ ಸುಳಿದಾಡುತ್ತಿದ್ದೆ. ಭಾವ ಒಳಗಿನಿಂದ ಉಪ್ಪಿನ ಡಬ್ಬಿ ತಂದು ಆಕೆಯ ಮುಂದಿಟ್ಟರು.

"ಬೆಳಿಗ್ಗೆ ತುಂಬಿದ ಉಪ್ಪು ಇದು ಡಾಕ್ಟರಮ್ಮ. ಚಮಚ ಇಳಿಯುತ್ತಾ ನೋಡಿ."

ಆಕೆ ಯಾವುದೋ ಯೋಚನೆಯಲ್ಲಿ ಚಮಚ ಒತ್ತಿದರು. ಇಳಿಯಲಿಲ್ಲ. ಉಪ್ಪು ಒದ್ದೆಯಾಗಿ ಮುದ್ದೆ ಕಟ್ಟಿತ್ತು.

"ಐಸ್ ಕೋಣೇಲಿ ಏನಿಟ್ಟರೂ ಹೀಗೇನೇ. ಗಾಳಿಯೆಲ್ಲ ನೀರು. ನಿಮ್ಮ ಪುಡಿ ತಟ್ಟೇನೂ ಇದರ ಪಕ್ಕದಲ್ಲೇ ಇಡ್ತಾರೆ."

"ಇಲ್ಲೇನಾ? ಒಲೆಯಿಂದ ತೆಗೆದು ಇಲ್ಲಿಡ್ತಾರಾ?"

"ಎರಡು ಗಂಟೆ ಇಡ್ತಾರೆ, ಬಾಯಿ ತೆರೆದೇ. ಬೇಗ ಆರುತ್ತೆ."

ಡಾಕ್ಟರಮ್ಮನ ಕೈಯಿಂದ ಚಮಚ ಬಿತ್ತು. ಐನೂರು ಡಿಗ್ರಿಯಲ್ಲಿ ಆರು ಗಂಟೆ ಕಾಯಿಸಿ ಆ ಪುಡಿಯ ಹೊಟ್ಟೆಯಿಂದ ನೀರನ್ನೆಲ್ಲ ಹೊರಡಿಸುವುದು, ಆಮೇಲೆ ಬೇಕಾದಷ್ಟು ಕುಡಿ ಎಂದು ಐಸಿನ ಮಗ್ಗುಲಲ್ಲಿ ಮಲಗಿಸುವುದು. ತೇವ ಕುಡಿದ ಪುಡಿ ಯಾವ ಬಾಲವನ್ನೂ ಅಂಟಿಸಲಾರದು. ಆಕೆ ಎರಡೂ ದಿನ ಶೆಡ್ಡಿನ ಇನ್ನೊಂದು ತುದಿಯಲ್ಲಿ ಪಾತ್ರೆಯ ಹತ್ತಿರ ನಿಂತಿದ್ದರಿಂದ ಇದೊಂದೂ ಕಣ್ಣಿಗೆ ಬಿದ್ದಿರಲಿಲ್ಲ.

"ಇಲ್ಲಿಡೋಕೆ ಯಾರು ಹೇಳಿದ್ದು?" ಎಂದು ಕೇಳಿದರು.

"ಕಾಗದದಲ್ಲಿದೆ" ಎಂದರು ಭಾವ, ನನ್ನ ಕಡೆ ನೋಡದೆ. ಅವರು ನೋಡದಿದ್ದುದೇ ನನಗೆ ಹೆಚ್ಚು ಚುಚ್ಚಿತು.

ಡಾಕ್ಟರಮ್ಮ ಬರೆದುಕೊಟ್ಟಿದ್ದ ಚೀಟಿ ಇನ್ನೂ ನನ್ನ ಫೈಲಿನಲ್ಲಿದೆ. "ಗಾಳಿಯ ತೇವ ಸ್ವಲ್ಪವೂ ತಗುಲದ ಹಾಗೆ, ಮುಚ್ಚಿದ ಡ್ರಮ್ಮಿನಲ್ಲಿಟ್ಟು, ನಿಧಾನವಾಗಿ ಆರಲು ಬಿಡತಕ್ಕದ್ದು." ಓದಿದಾಗ ನನ್ನೊಳಗಿನ ಸಾಹಿತಿಗೆ ಈ ವಾಕ್ಯ ಎಳೆದಾಡಿದಂತೆ ಕಂಡಿತ್ತು. ಅದನ್ನು ತಿದ್ದಿ, ತೀಡಿ, "ತಂಪಾದ ಜಾಗದಲ್ಲಿ ಆರಿಸುವುದು" ಎಂದು ಮಾಡಿದ್ದೆ. ಎಷ್ಟು ಚೊಕ್ಕವಾಗಿದೆ ಎಂದು ನನ್ನ ಹೆಂಡತಿಗೆ ಓದಿಯೂ ಹೇಳಿದ್ದೆ. ಆ ಶೆಡ್ಡಿನಲ್ಲಿ ತಂಪಾದ ಜಾಗವೆಂದರೆ ಒಂದೇ, ಕೆಲಸಗಾರರು ನಾನು ಬರೆದಂತೆಯೇ ನಡೆದಿದ್ದರು. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ಬರಹ ಸಮಾಜದ ಮೇಲೆ ಪರಿಣಾಮ ಬೀರಿತ್ತು.

ತಪ್ಪು ನನ್ನದೆಂದು ಒಪ್ಪಿಕೊಳ್ಳಲು ಗಂಟಲು ಸರಿಪಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಡಾಕ್ಟರಮ್ಮ ಭಾವನನ್ನೇ ದಿಟ್ಟಿಸುತ್ತ, ತಗ್ಗಿದ ದನಿಯಲ್ಲಿ, "ಐಸಣ್ಣ, ಇದು ಸರಿಹೋದರೆ ನಿಮ್ಮ ಐಸು ಬೇಕಾಗಲ್ಲ, ಗೊತ್ತು ತಾನೇ?" ಎಂದರು.

"ಗೊತ್ತು. ಟೈಪ್ ಮಾಡಿದ್ದು ನಮ್ಮ ಭಾಮೈದನೇ."

ಅಂದು ಸಂಜೆ ಬಸ್ಸಿಗೆ ಕಾಯುವಾಗ ನಾನು ಕೇಳಿಯೇಬಿಟ್ಟೆ. ಸುಮ್ಮನಿದ್ದಿದ್ದರೆ ಮೂರನೆಯದೂ ಸೋಲುತ್ತಿತ್ತು, ಕೆಲಸ ಉಳಿಯುತ್ತಿತ್ತು, ಯಾಕೆ ಹೇಳಿದಿರಿ ಎಂದು. ಭಾವ ಬಸ್ಸು ಬರುವ ದಿಕ್ಕನ್ನೇ ನೋಡುತ್ತ, ಆ ಹುಡುಗಿ ಎರಡು ದಿನದಿಂದ ಊಟದ ಡಬ್ಬಿ ಬಿಚ್ಚಿರಲಿಲ್ಲ ಎಂದರು. ನಿನ್ನ ಅಕ್ಕನಿಗೆ ಇವತ್ತೇ ಹೇಳಬೇಡ ಎಂದೂ ಸೇರಿಸಿದರು.

ಶೆಡ್ಡಿನ ತೇವ ಆರಲೆಂದು ಮೂರನೆಯ ಪ್ರಯತ್ನಕ್ಕೆ ಮೊದಲು ಎರಡು ದಿನ ಐಸಿನ ಲಾರಿ ತರಿಸಲಿಲ್ಲ. ಭಾವ ತಮ್ಮ ಕೋಣೆಯ ಕೊನೆಯ ಗಡ್ಡೆಯನ್ನು ತಾವೇ ಹೊರಗೆ ಹಾಕಿ, ನೆಲ ಒರೆಸಿ, ಕಿಟಕಿ ತೆರೆದಿಟ್ಟರು. ಪುಡಿ ಮುಚ್ಚಿದ ಡ್ರಮ್ಮಿನಲ್ಲಿ ನಿಧಾನವಾಗಿ ಆರಿತು. ಯಾರೂ ಹೇಳದಿದ್ದರೂ ಭಾವ ಅದರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದರು. ಅವರ ಕೈಯಲ್ಲಿ ಅದೇ ಡಬ್ಬಿ, ಅದರಲ್ಲಿ ಹೊಸ ಉಪ್ಪು. ಗಂಟೆಗೊಮ್ಮೆ ಚಮಚ ಹಾಕಿ ಎತ್ತಿ, ಉಪ್ಪು ಸರಸರ ಉದುರುವುದನ್ನು ನೋಡಿ ತಲೆ ಆಡಿಸುತ್ತಿದ್ದರು. ಪಾತ್ರೆಗೆ ಪುಡಿ ಬಿತ್ತು, ಎರಡು ದ್ರವ ಸೇರಿದವು, ಬಿಸಿ ಏರಿತು. ಮೂರನೇ ಗಂಟೆಗೆ ಶೆಡ್ಡಿನಲ್ಲಿ ಹೂವಿನ ವಾಸನೆ ತೇಲಿ ಬಂತು. ಹುಳಿ ಹೊಗೆಯ ಉರಿ ಇಲ್ಲದೆ, ಜೊತೆಗೆ ವಿನೆಗರಿನ ಒಂದು ಎಳೆಯಷ್ಟೇ ಇಟ್ಟುಕೊಂಡು ಆ ವಾಸನೆ ಬಂದದ್ದು ಅದೇ ಮೊದಲು. ಎಲ್ಲರೂ ಮೂಗು ಮುಚ್ಚಿದ್ದ ಕೈ ತೆಗೆದು ಒಬ್ಬರ ಮುಖ ಒಬ್ಬರು ನೋಡಿದರು. ವರ್ಷಗಟ್ಟಲೆ ತಾವು ತಯಾರಿಸುತ್ತಿದ್ದ ಸರಕಿನ ಪರಿಮಳ ಎಂಥದೆಂದು ಅರ್ಧ ಜನಕ್ಕೆ ಅಂದೇ ತಿಳಿದದ್ದು.

ಡಾಕ್ಟರಮ್ಮ ಪ್ರಯೋಗಶಾಲೆಯಿಂದ ಓಡಿ ಬಂದು, ನೂರಕ್ಕೆ ತೊಂಬತ್ತೈದು ಎಂದು ಕೂಗಿ, ನೇರ ಭಾವನ ಎರಡೂ ಕೈ ಹಿಡಿದುಕೊಂಡರು. ಹಿಡಿದವರೇ ಕಿಟಾರನೆ ಕಿರುಚಿದರು. ಸಂತೋಷಕ್ಕಲ್ಲ, ಚಳಿಗೆ. ಎರಡು ದಿನ ಐಸು ಮುಟ್ಟದಿದ್ದರೂ ಆ ಕೈಗೆ ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ.

ಯಜಮಾನರ ನೋಡೋಣವನ್ನು ಬಗೆಹರಿಸಿದ್ದೂ ಡಾಕ್ಟರಮ್ಮನೇ. ಪ್ರತಿ ಸಲ ಪುಡಿಯನ್ನು ಸುಡಲು, ಒಣಗಿಸಲು, ತೇವದಿಂದ ಕಾಯಲು ಒಲೆಯ ಮುಂದೆ ಒಬ್ಬರು ಬೇಕು, ಅವರಿಗೆ ನೀರಿನ ಕುತಂತ್ರವೆಲ್ಲ ತಿಳಿದಿರಬೇಕು, ಅಂಥವರು ಈ ಕಾರ್ಖಾನೆಯಲ್ಲಿ ಒಬ್ಬರೇ ಎಂದು ಪಟ್ಟು ಹಿಡಿದರು. ಐಸಣ್ಣ ಒಲೆಗೆ ಹೋದರು. ಹೊಸ ಕಾಗದದಲ್ಲಿ ಮೂರನೇ ಸಾಲು ಅವರದು. ಡಾಕ್ಟರಮ್ಮ ಬರೆದುಕೊಟ್ಟದ್ದನ್ನು ಈ ಸಲ ಒಂದು ಅಕ್ಷರವನ್ನೂ ತೀಡದೆ ಟೈಪ್ ಮಾಡಿದೆ. ತಿಂಗಳಾದ ಮೇಲೆ ಅಕ್ಕ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಹೇಳಿ, ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಏನೆಂದು ಕೇಳಿದರೆ, ನಿಮ್ಮ ಭಾವನ ಕೈ ಈಗ ಎಲ್ಲರ ಕೈಯಂತೆ ಇದೆಯಂತೆ ಎಂದಳು ನನ್ನವಳು. ಬೀದಿಯ ತಾಯಂದಿರು ಮಾತ್ರ ಒದ್ದೆ ಬಟ್ಟೆಗೆ ಮರಳಬೇಕಾಯಿತು.

ಹೊಸ ಕ್ರಮದ ಸರಕು ನೋಡಲು ಸೋಪಿನ ಕಂಪನಿಯವರು ಬಂದ ದಿನ ಶೆಡ್ಡಿನಲ್ಲೇ ಒಂದು ಸಣ್ಣ ಸಭೆ. ಭಾವ ಎರಡು ಮಾತು ಆಡಬೇಕೆಂದು ಯಜಮಾನರ ಆಸೆ. ನಾನು ಎರಡು ಪುಟ ಬರೆದುಕೊಟ್ಟಿದ್ದೆ. ಶೀತದಿಂದ ಉಷ್ಣದೆಡೆಗೆ ಮನುಷ್ಯನ ಪಯಣ ಎಂದೇನೋ ಶುರುವಾಗುತ್ತಿತ್ತು, ನಡುವೆ ಕಣ್ಣೀರು ತರಿಸುವ ಜಾಗವೂ ಒಂದಿತ್ತು. ಭಾವ ಆ ಪುಟಗಳನ್ನು ಒಲೆಯ ಬಾಗಿಲು ಹಿಡಿಯುವಾಗ ಕೈ ಸುಡದಂತೆ ನಾಲ್ಕು ಮಡಿಕೆ ಮಾಡಿಟ್ಟುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಯಜಮಾನರು ಅವರ ಹೆಗಲ ಮೇಲೆ ಕೈ ಹಾಕಿ, ಅತಿಥಿಗಳಿಗೆಲ್ಲ ಕೇಳುವಂತೆ, "ಇಪ್ಪತ್ತಾರು ವರ್ಷ ಐಸಿನ ಜೊತೆ ಇದ್ದೋರು, ಈಗ ಐನೂರು ಡಿಗ್ರಿ ಒಲೆ ಮುಂದೆ ಕೂತಿದ್ದೀರಿ. ಹೇಗನ್ನಿಸುತ್ತೆ ಹೇಳಿ ಐಸಣ್ಣ" ಎಂದರು.

ಭಾವ ಉಣ್ಣೆ ಟೋಪಿ ತೆಗೆದು, ಮಡಚಿ ಜೇಬಿಗಿಟ್ಟರು.

"ಬೆಚ್ಚಗಿದೆ ಸಾರ್."