ಬೆಳ್ಳಕ್ಕಿ ನಡುಗಡ್ಡೆಯ ಕಾವಲು

ನನ್ನ ತವರು ನಂಜನಗೂಡಿನ ಹತ್ತಿರದ ದೇವನೂರು. ಮದುವೆಯಾಗಿ ಬಂದದ್ದು ನರಸೀಪುರದ ಕೆಳಗೆ ಕಾವೇರಿ ದಂಡೆಯ ಒಂದು ಊರಿಗೆ. ಮನೆಯೆದುರೇ ಹೊಳೆ, ಹೊಳೆಯ ಮಧ್ಯೆ ಮತ್ತಿಮರ, ಬಿದಿರು ಬೆಳೆದ ನಡುಗಡ್ಡೆ. ಮುಂಗಾರು ಹಿಡಿದರೆ ಬೆಳ್ಳಕ್ಕಿಗಳು ಅಲ್ಲಿ ಗೂಡು ಕಟ್ಟುತ್ತಿದ್ದವು. ಮರಿ ಹಾರುವ ತನಕ ಯಾರೂ ಅಲ್ಲಿ ಕಾಲಿಡಬಾರದೆಂಬುದು ಊರಿನ ಕಟ್ಟು. ಕೋವಿ ತರಕೂಡದೆಂದು ಅಮಲ್ದಾರರೂ ಡಂಗೂರ ಹೊಡೆಸಿದ್ದರು. ಕಾವಲು ಮಾತ್ರ ತಲೆತಲಾಂತರದಿಂದ ನಮ್ಮ ಮನೆಯದು. ಆಗ ಅದನ್ನು ನೋಡಿಕೊಳ್ಳುತ್ತಿದ್ದವರು ನನ್ನ ಗಂಡನ ಅಣ್ಣ.

ಬಂದ ಹೊಸದರಲ್ಲಿ ನಾನು ಯಾರದೋ ಹರಿಗೋಲಲ್ಲಿ ಹೋಗಿ ಅಲ್ಲಿಂದ ಒಂದು ಹೊರೆ ಒಣಸೌದೆ ತಂದಿದ್ದೆ. ಭಾವ ಬಯ್ಯಲಿಲ್ಲ. ಹೊರೆಯನ್ನು ಹರಿಗೋಲಿಗೆ ಹಾಕಿಕೊಂಡು ವಾಪಸು ಬಿಟ್ಟುಬಂದರು. "ಅಲ್ಲೀದು ಒಂದ್ ಕಡ್ಡೀನೂ ನಮ್ದಲ್ಲ ಕಣವ್ವ" ಎಂದರಷ್ಟೇ. ನಾಚಿಕೆಯಾಯಿತು. ಇಂಥ ಮನೆ ಸೇರಿದೆನಲ್ಲಾ ಎಂದು ಹೆಮ್ಮೆಯೂ ಆಯಿತು. ಹರಿಗೋಲು ಹಾಕುವುದನ್ನು, ಗೂಡಿಗೆರಗುವ ಹದ್ದನ್ನು ದಂಡೆಯಿಂದಲೇ ಓಡಿಸುವುದನ್ನು ಅವರೇ ಕಲಿಸಿದರು. ಬರಬರುತ್ತಾ ಕಾವಲಿಗೆ ನಾನೂ ಕೂರತೊಡಗಿದೆ.

ಹಲವು ಮಳೆಗಾಲ ಕಳೆದ ಮೇಲೆ, ಒಂದು ಆಷಾಢದಲ್ಲಿ ಭಾವ ತಾವಾಗಿಯೇ ಗಾಡಿ ಕಟ್ಟಿಸಿದರು. "ತವರಿಗೆ ಓಗಿ ಎಷ್ಟ್ ಕಾಲ ಆಯ್ತವ್ವ! ಅವ್ವನ್ನೂ ಕರ್ಕೊಂಡು ಓಗ್ಬಾ. ಕಾವ್ಲು ನಾನ್ ನೋಡ್ಕತ್ತೀನಿ." ಅವರ ಅಕ್ಕರೆಗೆ ನನಗೆ ಕಣ್ಣು ತುಂಬಿತು. ಅತ್ತೆಯನ್ನು ಕರೆದುಕೊಂಡು ಹೊರಟೆ.

ತಿರುಗಿ ಬಂದಾಗ ಗಾಡಿ ಇಳಿಯುವ ಮೊದಲೇ ಏನೋ ಕೆಟ್ಟಿದೆ ಅನ್ನಿಸಿತು. ಹಕ್ಕಿಗಳ ಗದ್ದಲವಿಲ್ಲ. ಹರಿಗೋಲು ಹಾಕಿಕೊಂಡು ಹೋದೆ. ಬಿದಿರ ಬುಡದಲ್ಲೆಲ್ಲ ಸತ್ತ ಬೆಳ್ಳಕ್ಕಿಗಳು. ಬೆನ್ನ ಮೇಲಿನ ನವಿರಾದ ಗರಿಗಳನ್ನು ತೊಗಲು ಸಮೇತ ಕಿತ್ತಿದ್ದರು. ಮೇಲೆ ಗೂಡುಗಳಲ್ಲಿ ಮರಿಗಳು ಬಾಯಿ ತೆರೆದು ಕೂತಿದ್ದವು. ಕೂಗಿ ಕೂಗಿ ಅವುಗಳ ದನಿ ಬತ್ತಿಹೋಗಿತ್ತು.

ಭಾವ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಯಾರು ಬಂದಿದ್ರು, ಭಾವ?"

"ಗರಿ ಯಾಪಾರದೋರು. ಪರದೇಶದ ದೊರೆಸಾನಿಯರು ಟೋಪಿಗೆ ಸಿಕ್ಕುಸ್ಕತ್ತಾರಂತೆ."

"ನಡುಗಡ್ಡೆಗೆ ಯಾರು ಕರ್ಕೊಂಡ್ ಓದ್ರು?"

"ನಾನೇ. ಅಪ್ಪ ಕಾದ, ನಾನೂ ಕಾದೆ. ಏನ್ ಬಂತು ನಮ್ಗೆ?"

ನಾನು ಹಿತ್ತಿಲಿಗೆ ಹೋಗಿ ಗಂಡನನ್ನು ಕೇಳಿದೆ. "ನಿಮ್ಗೂ ಗೊತ್ತಿತ್ತಾ?"

ಅವರು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಅಣ್ಣ ಯೋಳಿದ್ಮೇಲೆ ನಾನೇನ್ ಮಾಡ್ಲಿ? ನೀನಿದ್ರೆ ರಂಪ ಮಾಡ್ತೀಯಾ ಅಂತ್ಲೇ ಕಳ್ಸಿದ್ದು."

ತವರಿಗೆ ಕಳಿಸಿದ ಅಕ್ಕರೆಯ ಹಿಂದೆ ಇದಿತ್ತು. ಇಬ್ಬರೂ ಸೇರಿ ನನ್ನನ್ನು ದಾರಿಯಿಂದ ಸರಿಸಿದ್ದರು.

ಸ್ವಲ್ಪ ದಿನಕ್ಕೆ ಕೊಟ್ಟಿಗೆಗೆ ಹೊಸ ಜೋಡಿ ಎತ್ತು ಬಂದವು. ಒಳ್ಳೆಯ ಎತ್ತುಗಳು. ಅವಕ್ಕೆ ಹುಲ್ಲು ಹಾಕುವ ಕೆಲಸ ನನ್ನದೇ ಆಯಿತು. ಆ ಚಳಿಗಾಲದಲ್ಲಿ ಮೈಸೂರಿನಿಂದ ಒಬ್ಬ ಅಧಿಕಾರಿ ಬಂದು, ಇಷ್ಟು ಕಾಲ ಹಕ್ಕಿಗಳನ್ನು ಕಾದ ಮನೆತನವೆಂದು ಭಾವನಿಗೆ ಶಾಲು ಹೊದಿಸಿದರು. ಗೂಡುಗಳು ಖಾಲಿಯಾಗಿರುವುದು ಆ ಕಾಲದಲ್ಲಿ ಸಹಜವೇ, ಅವರಿಗೆ ಏನೂ ತಿಳಿಯಲಿಲ್ಲ. ಊರವರು ಸುಮ್ಮನಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಅತ್ತೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದರು.

ಮುಂದಿನ ಮುಂಗಾರಿಗೆ ಬಂದದ್ದು ಬೆರಳೆಣಿಕೆಯ ಹಕ್ಕಿಗಳು. ಯಾರನ್ನೂ ಕೇಳದೆ ನಾನೇ ದಂಡೆಯಲ್ಲಿ ಕಾವಲು ಕೂತೆ. ಗಂಡ ಬುತ್ತಿ ತಂದಿಟ್ಟು ಹೋಗುತ್ತಿದ್ದರು. ಊಟ ಮಾಡುತ್ತಿದ್ದೆ, ಮಾತಾಡುತ್ತಿರಲಿಲ್ಲ.