ಮೆಣಸಿನಂತೆ ಕಾಪಾಡಿದ ಕಾರು

ಗೆಳೆಯರೇ, ಗಡಿಯಾಚೆಯ ಪುಲ್ಪಳ್ಳಿಯಲ್ಲಿರುವ ನಮ್ಮ ಮಾವನ ಕೆಂಪು ಸ್ಪೋರ್ಟ್ಸ್ ಕಾರು ಕೊಳ್ಳಲು ಇವತ್ತು ಮೈಸೂರಿನಿಂದ ಒಬ್ಬ ಯುವಕ ಬಂದಿದ್ದ. ಕಾಡಂಚಿನಲ್ಲಿ ನಕ್ಸಲರ ಪೋಸ್ಟರ್ ಕಂಡಾಗಿನಿಂದ ಮಾವ ಹೋದಲ್ಲೆಲ್ಲ ಪೊಲೀಸರು ಆ ಕಾರನ್ನೇ ತಡೆದು ಡಿಕ್ಕಿ ತೆಗೆಸುತ್ತಿದ್ದರು. ರೇಗಿಹೋದ ಮಾವ ಅದನ್ನು ಶೆಡ್ಡಿಗೆ ಸೇರಿಸಿ ವರ್ಷಗಳಾಗಿವೆ.

ಯುವಕ ಮೀಟರ್ ನೋಡಿ ಹುಬ್ಬೇರಿಸಿದ. "ಇಷ್ಟು ಕಮ್ಮಿ ಓಡಿದೆಯಾ? ಮೀಟರ್ ತಿರುಗಿಸಿಲ್ಲ ತಾನೇ, ಸಾರ್?"

ಮಾವ ಸಿಡಿದರು. "ಗಾಡಿ ಅಲ್ಲಾಡೇ ಇಲ್ಲ ಮೋನೆ, ನನ್ನ ಮಗನೇ! ಒಳ್ಳೆಮೆಣಸಿನ ಹಾಗೆ ಇಟ್ಟಿದ್ದೀನಿ. ಇಟ್ಟಷ್ಟೂ ರೇಟು ಏರುತ್ತೆ."

ಬಾನೆಟ್ ಎತ್ತಿದರೆ ವೈರುಗಳನ್ನೆಲ್ಲ ಇಲಿ ಕಡಿದಿತ್ತು. ಟೈರುಗಳು ನಿಂತಲ್ಲೇ ಬಿರುಕು ಬಿಟ್ಟಿದ್ದವು.

"ಸಾರ್, ಇದಕ್ಕಿಂತ ದಿನಾ ಓಡಿದ ಗಾಡೀನೇ ವಾಸಿ" ಎನ್ನುತ್ತಾ ಯುವಕ ಡಿಕ್ಕಿ ತೆರೆದ. ಒಳಗೆ ಜಾಗ ವ್ಯರ್ಥವಾಗಬಾರದೆಂದು ಮಾವ ತುಂಬಿಟ್ಟಿದ್ದ ಕರಿಮೆಣಸಿನ ಮೂಟೆಗಳು! ಅವನ್ನು ಮಾತ್ರ ಇಲಿಯೂ ಮುಟ್ಟಿರಲಿಲ್ಲ.

ಕೊನೆಗೆ ಯುವಕ ಚೌಕಾಸಿಯಿಲ್ಲದೆ ಆ ಮೆಣಸು ಕೊಂಡು, ತಾನು ಬಂದಿದ್ದ ಹಳೆ ಜೀಪಿನಲ್ಲಿ ಹೇರಿಕೊಂಡು ಹೋದ.

ಮಾವ ಈಗ ಕಾರಿಗೆ ಮತ್ತೆ ಗೋಣಿ ಹೊದಿಸುತ್ತಿದ್ದಾರೆ. "ಇನ್ನೊಂದು ಮಳೆಗಾಲ ಕಳೀಲಿ. ರೇಟು ಬಂದೇ ಬರುತ್ತೆ."