ಹೊಸ ಸಲ್ವಾರಿನ ಗಿಡ್ಡ ಕಾಲು

ಹೊಸ ಸಲ್ವಾರ್ ತೊಟ್ಟು ಪರದೆ ಸರಿಸಿ ಹೊರಬಂದವಳು ಕನ್ನಡಿ ನೋಡಿ ಜೋರಾಗಿ ನಕ್ಕುಬಿಟ್ಟೆ. ಅದರ ಎಡಗಾಲು ಬಲಗಾಲಿಗಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು!

ಆರ್.ಟಿ. ನಗರದ ನಮ್ಮ ಟೈಲರ್ ರಹಮತ್ ಭಾಯ್ ಮುಖ ಸಪ್ಪಗಾಯಿತು. ಹುಟ್ಟಿನಿಂದಲೂ ನನ್ನ ಎಡಗಾಲು ಗಿಡ್ಡ. ಆ ಬಗ್ಗೆ ಒಂದು ಮಾತೂ ಆಡದೆ, ವರ್ಷಗಳಿಂದ ಒಂದು ಕಾಲನ್ನು ಚಿಕ್ಕದಾಗಿ ಹೊಲಿದುಕೊಡುತ್ತಿದ್ದವರು ಅವರು. ಈ ಸಲ ಬಟ್ಟೆ ಕೊಟ್ಟುಬಂದ ಅಮ್ಮ, ನಾನು ಆಪರೇಷನ್ ಮಾಡಿಸಿ ಕಾಲು ಉದ್ದ ಮಾಡಿಸಿಕೊಂಡದ್ದನ್ನು ಹೇಳಲು ಮರೆತಿದ್ದಳು.

“ಮಾಫ್ ಮಾಡಮ್ಮ, ಹಳೇ ಅಳತೆ ಕೈಗೇ ಕೂತ್ಬಿಟ್ಟಿದೆ” ಎನ್ನುತ್ತಾ ಅವರು ಗಡಿಬಿಡಿಯಲ್ಲಿ ಟೇಪು ಎಳೆದರು. ಅದು ಜಾರಿ ಹೊಲಿಗೆ ಯಂತ್ರದ ಅಡಿಗೆ ಬಿತ್ತು. ನಾನು ಥಟ್ಟನೆ ಕುಕ್ಕರಗಾಲಲ್ಲಿ ಕೂತು ಅದನ್ನು ತೆಗೆದುಕೊಂಡು ಎದ್ದೆ. ಎದ್ದ ಮೇಲೆಯೇ ಹೊಳೆದದ್ದು, ನಾನು ಆಸರೆಗೆ ಏನನ್ನೂ ಹಿಡಿದುಕೊಂಡಿರಲಿಲ್ಲ! ಮೂಳೆ ಉದ್ದವಾಗಲೆಂದು ಆಪರೇಷನ್ನಿನಲ್ಲಿ ಕಾಲಿನ ಸುತ್ತ ಬಿಗಿದಿದ್ದ ಲೋಹದ ರಿಂಗುಗಳನ್ನು ಬಿಚ್ಚಿದಾಗ ಮಂಡಿ ಸೌದೆಯಂತೆ ಸೆಟೆದುಕೊಂಡಿತ್ತು. ಹೆಬ್ಬಾಳದಲ್ಲಿ ಫಿಸಿಯೋಥೆರಪಿ ಮಾಡುವ ಹುಡುಗಿಯನ್ನು ಬೈದುಕೊಂಡು, ಅತ್ತು, ತಿಂಗಳುಗಟ್ಟಲೆ ಬಗ್ಗಿಸಿದ ಮಂಡಿ ಅದು. ಆಪರೇಷನ್ ಆದಮೇಲೆ ಆ ದಿನದವರೆಗೆ ಮಂಚದ ಅಂಚು ಹಿಡಿಯದೆ ನಾನು ನೆಲದಿಂದ ಎದ್ದದ್ದೇ ಇಲ್ಲ.

“ಬೇಕಾದ್ರೆ ಇನ್ನೊಂದ್ಸಲ ಬೀಳ್ಸಿ ಭಾಯ್, ಎತ್ಕೊಡ್ತೀನಿ!” ಎಂದೆ. ಅವರೂ ನಕ್ಕರು.

ಆ ಸಲ್ವಾರನ್ನು ಸರಿಪಡಿಸಲು ನಾನು ಬಿಡಲಿಲ್ಲ. ಮನೆಯಲ್ಲಿ ವ್ಯಾಯಾಮಕ್ಕೆ ಕೂರುವಾಗ ಅದನ್ನೇ ತೊಡುತ್ತೇನೆ. ಕಾಲು ಹಟ ಹಿಡಿದ ದಿನ ಆ ಗಿಡ್ಡ ಅಂಚು ತೋರಿಸಿ ಗದರುತ್ತೇನೆ: “ನೀನಿದ್ದಿದ್ದು ಇಲ್ಲೀವರೆಗೆ ಅಷ್ಟೇ, ನೆನಪಿರ್ಲಿ!”